ಗವರ್ನರ್ ಮನ್ರೋ ಸಾಹೇಬರ ರಾಜನೀತಿಯೂ ಕರಾವಳಿಯ ಕಡತವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ರಾಜ್ಯವನ್ನಾಳುವವನು ಪ್ರಜೆಯಿಂದ ಎಷ್ಟನ್ನು ತೆಗೆದುಕೊಳ್ಳಬೇಕು, ಯಾರ ಮಾತನ್ನು ಕೇಳಿ ತೆಗೆದುಕೊಳ್ಳಬೇಕು, ಕೆಲಸವನ್ನು ಯಾರ ಕೈಯಿಂದ ಮಾಡಿಸಬೇಕು ಎಂಬ ವಿಚಾರವು ಮಠದ ಸಭೆಗೆ ಹೊರಗಿನದೆಂದು ಯಾರೂ ಎಣಿಸಬೇಕಾಗಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತವರು. ಕೆಳದಿಯ ಲಿಂಗವಂತ ಅರಸರು ಸುಮಾರು ಒಂದೂವರೆ ಶತಮಾನದ ಕಾಲ ಕುಮಟಾ, ಹೊನ್ನಾವರ, ಭಟ್ಕಳಗಳ ಸೀಮೆಯನ್ನು ಆಳಿದವರು, ಮಠಗಳಿಗೂ ದೇವಾಲಯಗಳಿಗೂ ಉಂಬಳಿಗಳನ್ನು ಬಿಟ್ಟವರು. ಆ ಅರಸರ ರಾಜ್ಯವು ಅಳಿದ ಮೇಲೆ ಅದೇ ಸೀಮೆಗೆ ಕಲೆಕ್ಟರರಾಗಿ ಬಂದು, ಇಪ್ಪತ್ತು ವರ್ಷಗಳ ತರುವಾಯ ಮದರಾಸು ಪ್ರಾಂತದ ಗವರ್ನರರಾದ ಸರ್ ಥಾಮಸ್ ಮನ್ರೋ ಸಾಹೇಬರು ರಾಜ್ಯಾಡಳಿತದ ವಿಷಯದಲ್ಲಿ ಏನೆಂದು ಭಾವಿಸಿದ್ದರು, ಆ ಭಾವನೆಗೆ ಈ ಕರಾವಳಿಯು ಏನನ್ನು ಕೊಟ್ಟಿತು, ಅದರಲ್ಲಿ ಯಾವುದು ಅವರ ಕಣ್ಣಿಗೆ ಬೀಳದೆ ಉಳಿಯಿತು ಎಂಬುದೇ ಇಂದಿನ ಉಪನ್ಯಾಸದ ವಸ್ತು.

ಮನ್ರೋ ಸಾಹೇಬರ ಹೆಸರು ಬಳ್ಳಾರಿ, ಕಡಪೆ, ಅನಂತಪುರಗಳ ಕಡೆಯಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಮಂತ್ರಾಲಯದ ಬೃಂದಾವನದ ಮುಂದೆ ಅವರಿಗೆ ಶ್ರೀ ರಾಘವೇಂದ್ರ ಸ್ವಾಮಿಗಳು ಕಾಣಿಸಿಕೊಂಡು ಮಠದ ಭೂಮಿಯ ವಿಷಯದಲ್ಲಿ ಮಾತನಾಡಿದರೆಂಬ ಕಥೆಯು ಪ್ರಸಿದ್ಧವಾದುದು. ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರೆಂದೂ ಹೇಳುವರು. ಇಂಥ ಕಥೆಗಳಿಂದ ಜನರಿಗೆ ಆ ಅಧಿಕಾರಿಯ ಮೇಲಿದ್ದ ಪ್ರೀತಿಯು ತಿಳಿಯುತ್ತದೆ. ಆದರೆ ಅವನ ಆಡಳಿತದ ತತ್ತ್ವವು ತಿಳಿಯಬೇಕಾದರೆ ಅವನ ಕಾಗದಪತ್ರಗಳನ್ನೇ ನೋಡಬೇಕು. ಮನ್ರೋ ಸಾಹೇಬರು ಧಾರಾಳವಾಗಿ ಬರೆದವರು. ಯುದ್ಧದ ಗುಡಾರದಲ್ಲಿ ಕುಳಿತು ತಂಗಿಗೆ ಬರೆದ ಕಾಗದದಿಂದ ಹಿಡಿದು ಗವರ್ನರರಾಗಿ ಬರೆದ ದೀರ್ಘವಾದ ಟಿಪ್ಪಣಿಗಳವರೆಗೆ ಬಹಳ ಮಟ್ಟಿಗೆ ಎಲ್ಲವೂ ಅಚ್ಚಾಗಿವೆ.

ಅವರು ೧೭೬೧ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ೧೭೮೦ರಲ್ಲಿ ಕಂಪನಿಯ ಸಿಪಾಯಿದಂಡಿನ ಕಿರಿಯ ಅಧಿಕಾರಿಯಾಗಿ ಮದರಾಸಿಗೆ ಬಂದರು. ಹೈದರ-ಟಿಪ್ಪುಗಳ ಮೇಲಣ ಯುದ್ಧಗಳಲ್ಲಿ ಕಾದಿದರು. ೧೭೯೨ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಕಂದಾಯದ ಕೆಲಸವನ್ನು ಕಲಿತರು. ೧೭೯೯ನೆಯ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬೀಳಲಾಗಿ, ಕನ್ನಡ ಜಿಲ್ಲೆಯು ಕಂಪನಿಯ ವಶವಾಯಿತು. ಮನ್ರೋ ಸಾಹೇಬರು ಅದರ ಮೊದಲ ಕಲೆಕ್ಟರರಾಗಿ ನೇಮಕಗೊಂಡರು. ಆಗ ಕನ್ನಡ ಜಿಲ್ಲೆಯೆಂದರೆ ಇಂದಿನ ಉತ್ತರ ಕನ್ನಡ ಮಾತ್ರವಲ್ಲ. ಕಾರವಾರದ ಕಡೆಯಿಂದ ಕಾಸರಗೋಡಿನ ತೆಂಕಣದವರೆಗಿನ ಕರಾವಳಿಯೆಲ್ಲವೂ ಒಂದೇ ಜಿಲ್ಲೆಯಾಗಿತ್ತು. ಅದರ ಬಡಗಣ ಭಾಗವನ್ನು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದುದು ಬಹಳ ತಡವಾಗಿ, ೧೮೬೨ರಲ್ಲಿ. ೧೯೫೬ರ ನವೆಂಬರ ೧ರಂದು ಅದು ಮತ್ತೆ ಕನ್ನಡನಾಡಿನ ಒಂದೇ ರಾಜ್ಯದೊಳಗೆ ಬಂದಿತು.

ಮನ್ರೋ ಸಾಹೇಬರು ಬಂದಾಗ ಸೀಮೆಯು ಯಾವ ಸ್ಥಿತಿಯಲ್ಲಿತ್ತೆಂಬುದಕ್ಕೆ ಹೊನ್ನಾವರವೊಂದನ್ನು ನೋಡಿದರೆ ಸಾಕು. ಶರಾವತಿಯು ಕಡಲನ್ನು ಸೇರುವೆಡೆಯಲ್ಲಿರುವ ಆ ರೇವು ಹೈದರನ ಕಾಲದಲ್ಲಿ ಹಡಗು ಕಟ್ಟುವ ಸ್ಥಳವಾಗಿತ್ತು. ೧೭೮೩ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ಆ ವರ್ಷವೂ ಮರುವರ್ಷವೂ ಟಿಪ್ಪುವಿನ ದಂಡು ಅದಕ್ಕೆ ಮುತ್ತಿಗೆ ಹಾಕಿಕೊಂಡಿತ್ತು. ಸಂಧಿಯಾದ ಮೇಲೆ ಊರು ಹಾಳುಬಿದ್ದಿತು. ೧೮೦೧ರಲ್ಲಿ ಈ ದಾರಿಯಾಗಿ ಸಂಚರಿಸಿದ ಬುಕನನ್ ಸಾಹೇಬರು ಆ ಹಾಳನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಭಟ್ಕಳವಾದರೋ ವಿಜಯನಗರದ ಅರಸರಿಗೆ ಕುದುರೆಗಳು ಇಳಿಯುತ್ತಿದ್ದ ರೇವು. ಪೋರ್ಚುಗೀಸರ ಬೆಂಕಿಯನ್ನೂ ಕಪ್ಪವನ್ನೂ ಕಂಡುದು. ಇಂಥ ನಾಡಿಗೆ ಹೊಸ ದೊರೆಯ ಅಧಿಕಾರಿ ಬಂದನೆಂದರೆ ಜನರು ಆರತಿಯನ್ನೆತ್ತಿ ಎದುರುಗೊಳ್ಳುವರೇ? ಹಲವೆಡೆಗಳಲ್ಲಿ ರೈತರು ಗುಂಪುಗೂಡಿ, ಟಿಪ್ಪುವಿನ ಕಾಲದಲ್ಲಿ ಏರಿದ ತೆರಿಗೆಯನ್ನು ಬಿಟ್ಟ ಹೊರತು ಕಂದಾಯದ ನಿಶ್ಚಯಕ್ಕೆ ಬರಲೊಲ್ಲೆವೆಂದು ತಡೆದು ನಿಂತರು.

ಸಾಹೇಬರಿಗೂ ಈ ನಾಡು ಹಿಡಿಸಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕುದುರೆಯ ಮೇಲೆ ಬಯಲುಸೀಮೆಯಲ್ಲಿ ಓಡಾಡಿ ಬೆಳೆದವರಿಗೆ ಹತ್ತು ಹರಿದಾರಿ ನೆಟ್ಟಗೆ ಹೋಗಲು ಇಲ್ಲಿ ದಾರಿಯೇ ಇಲ್ಲ. ಕುಮಟೆಯ ಬಡಗಲಿಗೆ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಭಟ್ಕಳಕ್ಕೆ ಹೋಗುವಾಗ ವೆಂಕಟಾಪುರದ ಹೊಳೆ. ಒಂದೊಂದಕ್ಕೂ ದೋಣಿಯನ್ನು ಕಾಯಬೇಕು. ಮಳೆಗಾಲದ ನಾಲ್ಕು ತಿಂಗಳು ಸೂರ್ಯದರ್ಶನವೇ ಅಪರೂಪ. ಕಾಗದಗಳಲ್ಲಿ ಅವರು ಈ ಮಳೆಯನ್ನು ಮನಸಾರೆ ಬೈದಿದ್ದಾರೆ. ಬೇರೆಡೆಗೆ ವರ್ಗಮಾಡಬೇಕೆಂದು ಬೇಡಿ, ೧೮೦೦ರ ಕೊನೆಯಲ್ಲಿ ಬಳ್ಳಾರಿಯ ಕಡೆಗೆ ಹೊರಟುಹೋದರು. ಅವರು ಇಲ್ಲಿ ಇದ್ದುದು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಅಷ್ಟೇ. ಆದರೆ ಆ ಸ್ವಲ್ಪ ಕಾಲದಲ್ಲಿ ಕಲಿತುದು ಅವರ ಜೀವಮಾನಕ್ಕೆ ಸಾಕಾಯಿತು. ಕಲಿಸಿದುದು ಶ್ಯಾನುಭೋಗರ ಕಡತ.

ಕಡತವೆಂದರೇನೆಂಬುದನ್ನು ಹಳಬರು ಬಲ್ಲರು, ಎಳೆಯರಿಗಾಗಿ ಹೇಳಬೇಕು. ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕರಿಯ ಹಾಳೆಯ ಮೇಲೆ ಬಿಳಿಯ ಅಕ್ಷರ. ಅಳಿಸಿ ಮತ್ತೆ ಬರೆಯಬಹುದು. ಜೋಪಾನವಾಗಿಟ್ಟರೆ ತಲೆಮಾರುಗಳ ಕಾಲ ಬಾಳುತ್ತದೆ. ಮನ್ರೋ ಸಾಹೇಬರು ಇವನ್ನು ಕರಿಯ ಪುಸ್ತಕಗಳೆಂದು ಕರೆದು, ಊರೂರುಗಳಿಂದ ತರಿಸಿ ಓದಿಸಿ ಕೇಳಿದರು. ಶಾಸನಗಳನ್ನೂ ಹಳೆಯ ಕ್ರಯಪತ್ರಗಳನ್ನೂ ಒಟ್ಟುಗೂಡಿಸಿದರು. ಗೆದ್ದು ಬಂದವನು ತನ್ನ ಲೆಕ್ಕವನ್ನು ಜನರ ಮೇಲೆ ಹೊರಿಸುವ ಮುನ್ನ ಜನರ ಲೆಕ್ಕವನ್ನು ತಾನು ಓದಿ ನೋಡಿದನು. ಇದನ್ನು ದೊಡ್ಡ ಗುಣವೆಂದೇ ಹೇಳಬೇಕು. ೧೮೦೦ನೆಯ ಮೇ ೩೧ರ ತಾರೀಖಿನ ಅವರ ವರದಿಯು ಈ ಓದಿನ ಫಲವಾದುದು.

ಆ ಕಡತಗಳಿಂದ ಅವರು ಹೊರತೆಗೆದ ಲೆಕ್ಕವು ಹೀಗಿದೆ. ವಿಜಯನಗರದ ಮೊದಲ ಅರಸನಾದ ಹರಿಹರನ ಕಾಲದಲ್ಲಿ ಕರಾವಳಿಯ ಗದ್ದೆಗಳ ತೆರಿಗೆಯನ್ನು ನಿಶ್ಚಯಿಸಿದಾಗ, ಎರಡೂವರೆ ಅಳತೆ ಬೀಜವನ್ನು ಬಿತ್ತಿದರೆ ಮೂವತ್ತು ಅಳತೆ ಭತ್ತವಾಗುವುದೆಂದು ಎಣಿಸಿದರು. ಆ ಮೂವತ್ತರಲ್ಲಿ ಹದಿನೈದು ಉಳುವವನದು. ಏಳೂವರೆ ಭೂಮಿಯ ಒಡೆಯನದು. ಉಳಿದ ಏಳೂವರೆ ಅರಮನೆಗೆ ಎತ್ತುವ ಪಾಲು. ಅರಮನೆಯ ಪಾಲೂ ಪೂರ್ತಿಯಾಗಿ ಅರಸನದಲ್ಲ. ಅದರಲ್ಲಿ ಐದು ಅಳತೆ ಅರಸನಿಗೆ, ಒಂದೂವರೆ ಬ್ರಾಹ್ಮಣರಿಗೆ, ಒಂದು ದೇವರಿಗೆ. ಮೂವತ್ತರಲ್ಲಿ ಐದೆಂದರೆ ಆರರಲ್ಲೊಂದು. ಸ್ಮೃತಿಗಳು ಅರಸನಿಗೆ ವಿಧಿಸುವ ಷಷ್ಠಾಂಶವು ಇದೇ. ಈ ಧಾನ್ಯದ ಪಾಲನ್ನು ಹಣಕ್ಕೆ ತಿರುಗಿಸಿ ವಸೂಲು ಮಾಡುತ್ತಿದ್ದರು. ಲೆಕ್ಕವು ಇಷ್ಟು ಚೊಕ್ಕವಾಗಿರುವುದೇ ಸಂಶಯಕ್ಕೆ ಎಡೆಗೊಡುತ್ತದೆ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಮಕ್ಕಿಗದ್ದೆಗೂ ಬೈಲುಗದ್ದೆಗೂ, ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿಗೂ ಒಂದೇ ಫಸಲನ್ನು ಯಾವ ರೈತನೂ ಕಂಡಿಲ್ಲ. ಆದರೂ ಅದರಲ್ಲಿ ಲಕ್ಷಿಸಬೇಕಾದ ಮುಖ್ಯಾಂಶವೊಂದಿದೆ. ಅದು ಮೂವರ ಲೆಕ್ಕ. ಉಳುವವನು, ಒಡೆಯನು, ಅರಸನು ಎಂಬ ಮೂವರ ಪಾಲೂ ಒಂದೇ ಪಂಕ್ತಿಯಲ್ಲಿ ಬರೆದಿದೆ; ಉಳುವವನ ಪಾಲು ಎಲ್ಲಕ್ಕಿಂತ ದೊಡ್ಡದಾಗಿದೆ. ಇದನ್ನು ಸಭಿಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಮುಂದೆ ಬರುವುದು ಲಿಂಗವಂತರಿಗೆ ಕೇಳಲು ಹಿತವಾಗಲಾರದ ಮಾತು. ಮನ್ರೋ ಸಾಹೇಬರ ವರದಿಯ ಪ್ರಕಾರ, ವಿಜಯನಗರದ ಆ ರೇಖೆಯು ೧೬೧೮ರವರೆಗೆ ನಡೆದು ಬಂದಿತು. ಆ ವರ್ಷದಲ್ಲಿ ಬಿದನೂರಿನ ಅರಸರು ಅದರ ಮೇಲೆ ನೂರಕ್ಕೆ ಐವತ್ತರಷ್ಟು ಹೆಚ್ಚಿಸಿದರು. ಬಿದನೂರೆಂದು ಇಂಗ್ಲಿಷರು ಬರೆಯುವುದು ತರುವಾಯದ ರಾಜಧಾನಿಯ ಹೆಸರಿನಿಂದ. ೧೬೧೮ರಲ್ಲಿ ರಾಜಧಾನಿಯು ಇಕ್ಕೇರಿ, ಆಳುತ್ತಿದ್ದವರು ಹಿರಿಯ ವೆಂಕಟಪ್ಪನಾಯಕರು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವನ್ನು ಗೆದ್ದು, ಹೊನ್ನಾವರದ ಸೀಮೆಯನ್ನು ಕೆಳದಿಗೆ ಸೇರಿಸಿದವರೂ ಅವರೇ. ಹತ್ತು ವರಹ ಕೊಡುತ್ತಿದ್ದವನು ಹದಿನೈದು ಕೊಡಬೇಕಾಯಿತು. ಶಿವಪ್ಪನಾಯಕರ ಶಿಸ್ತನ್ನು ಹೊಗಳದ ಲಿಂಗವಂತನಿಲ್ಲ. ಗದ್ದೆಯ ಗುಣವನ್ನು ನೋಡಿ, ಫಸಲನ್ನು ನೋಡಿ ತೆರಿಗೆಯನ್ನು ಗೊತ್ತುಮಾಡಿದ ಆ ಅರಸರ ಕೀರ್ತಿಯು ನ್ಯಾಯವಾದುದೇ. ಆದರೆ ಹೊಗಳುವಾಗ ೧೬೧೮ರ ಹೆಚ್ಚಳವನ್ನು ಮರೆಮಾಡುವುದು ಪಂಡಿತರಿಗೆ ತಕ್ಕುದಲ್ಲ. ಕರಾವಳಿಯ ಗದ್ದೆಯ ಹಣವೂ ಮೆಣಸಿನ ಹಣವೂ ಘಟ್ಟದ ಮೇಲಣ ಕೋಟೆಗಳಿಗೂ ಸೇನೆಗೂ ಹೋದುವು. ಅದರಲ್ಲಿ ಸ್ವಲ್ಪ ಭಾಗ ಮಠಗಳ ದಾಸೋಹಕ್ಕೂ ಸಂದಿರಬೇಕು. ಮನ್ರೋ ಸಾಹೇಬರು ಕೆಳದಿಯ ಅರಸರನ್ನು ಇದಕ್ಕಾಗಿ ಕಟುವಾಗಿ ಖಂಡಿಸಿಲ್ಲ. ಆ ಹೆಚ್ಚಳವನ್ನು ನಾಡು ತಾಳಿಕೊಂಡಿತು, ಒಡೆಯನಿಗೆ ಇನ್ನೂ ಲಾಭವುಳಿಯುತ್ತಿತ್ತು ಎಂಬುದು ಅವರ ತೀರ್ಮಾನ.

ಖಂಡನೆಯೆಲ್ಲ ಮುಂದಿನವರಿಗೆ ಮೀಸಲಾಯಿತು. ೧೭೬೩ರಲ್ಲಿ ಬಿದನೂರನ್ನು ಹಿಡಿದ ಹೈದರನು ಕನ್ನಡ ಜಿಲ್ಲೆಯನ್ನು ದಂಡಿನ ವೆಚ್ಚಕ್ಕೆ ಎಷ್ಟು ಬೇಕಾದರೂ ಮೊಗೆಯಬಹುದಾದ ಭಂಡಾರವೆಂದೆಣಿಸಿದನೆಂದು ಅವರು ಬರೆದಿದ್ದಾರೆ. ಟಿಪ್ಪುವಿನ ಕಾಲದಲ್ಲಿ ಇನ್ನೂ ಏರಿತು. ಈ ಮೇಲೇರಿದ ಭಾಗಕ್ಕೆ ಶಾಮಿಲು ಎಂದು ಹೆಸರು. ಗೆದ್ದವರು ಸೋತವರನ್ನು ಕುರಿತು ಬರೆದ ಮಾತಿದು ಎಂಬ ಎಚ್ಚರಿಕೆಯು ಓದುವವರಿಗೆ ಬೇಕು. ಆದರೆ ಬೇಸಾಯ ಬಿಟ್ಟು ಬೀಳುಬಿದ್ದ ಗದ್ದೆಗಳು ಇದ್ದುವೆಂಬುದು ಸುಳ್ಳಲ್ಲ. ತೆರಿಗೆಯನ್ನು ಕೆಳದಿಯವರ ಕಾಲದ ಮಟ್ಟದ ಹತ್ತಿರಕ್ಕೆ ಇಳಿಸಬೇಕೆಂಬುದೇ ಮನ್ರೋ ಸಾಹೇಬರ ಶಿಫಾರಸು. ಮೇಲಿನವರು ಕೇಳಿದಷ್ಟು ಇಳಿಸಲು ಒಪ್ಪಲಿಲ್ಲ. ಆಗ ಕಂಪನಿ ಸರಕಾರಕ್ಕೆ ಧೋಂಡಿಯಾ ವಾಘನ ಮೇಲಣ ಯುದ್ಧ ನಡೆಯುತ್ತಿತ್ತು. ಆ ದಂಡಿಗೆ ಅಕ್ಕಿಯನ್ನು ಘಟ್ಟ ಹತ್ತಿಸಿ ಕಳುಹಿಸಿದವರೂ ಇದೇ ಕಲೆಕ್ಟರರೇ. ಹೈದರನ ದಂಡಿಗೆ ಕರಾವಳಿಯು ಭಂಡಾರವಾಗಿತ್ತೆಂದು ಬರೆದ ಕೈಯೇ ಕಂಪನಿಯ ದಂಡಿಗೆ ಕರಾವಳಿಯ ಅಕ್ಕಿಯನ್ನು ಅಳೆದುಕೊಟ್ಟಿತು. ತೆಂಕಣದಲ್ಲಿ ವಿಟ್ಲದ ಹೆಗ್ಗಡೆಯು ಎತ್ತಿದ ದಂಗೆಯನ್ನು ೧೮೦೦ರಲ್ಲಿ ಅತಿ ಕಠಿನವಾಗಿ ಅಡಗಿಸಿ, ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಪ್ರಜಾಹಿತೈಷಿಯೆಂದು ಹೊಗಳುವಾಗ ಇದನ್ನೂ ತಕ್ಕಡಿಯಲ್ಲಿಡಬೇಕು.

ಕರಾವಳಿಯು ಕಲಿಸಿದ ಎರಡನೆಯ ಪಾಠವು ಭೂಮಿಯ ಒಡೆತನದ್ದು. ಭೂಮಿಯೆಲ್ಲ ಅರಸನದು, ಪ್ರಜೆಯು ಅವನ ಒಕ್ಕಲು ಮಾತ್ರ ಎಂಬ ವಾದವು ಅಂದಿನ ಇಂಗ್ಲಿಷ್ ಅಧಿಕಾರಿಗಳಲ್ಲಿ ಬಲವಾಗಿತ್ತು. ಬಂಗಾಲದಲ್ಲಿ ಕಾರ್ನ್‌ವಾಲಿಸ್ ಸಾಹೇಬರು ೧೭೯೩ರಲ್ಲಿ ಜಮೀನದಾರರನ್ನೇ ಶಾಶ್ವತವಾದ ಒಡೆಯರನ್ನಾಗಿ ಮಾಡಿದ್ದರು. ಕನ್ನಡ ಜಿಲ್ಲೆಯಲ್ಲಿಯಾದರೋ ಮನ್ರೋ ಸಾಹೇಬರಿಗೆ ಕಂಡುದು ಬೇರೆ. ಇಲ್ಲಿ ಭೂಮಿಯು ವರ್ಗ ವರ್ಗವಾಗಿ ಸಣ್ಣ ಸಣ್ಣ ಒಡೆಯರ ಕೈಯಲ್ಲಿತ್ತು. ಅವರು ಅದನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಕ್ಕಳಿಗೆ ಪಾಲುಹಂಚಿ ಕೊಡುತ್ತಿದ್ದರು. ಅದಕ್ಕೆ ತಲೆಮಾರುಗಳ ಪತ್ರಗಳಿದ್ದುವು. ಅರಸರು ಬದಲಾದರೂ ವರ್ಗದಾರನ ಹಕ್ಕು ಬದಲಾಗಲಿಲ್ಲ. ಸರಕಾರವು ನಡುವೆ ದೊಡ್ಡ ಜಮೀನದಾರನೊಬ್ಬನನ್ನು ತಂದು ಕೂರಿಸದೆ, ಸಣ್ಣ ಒಡೆಯನೊಡನೆಯೇ ನೇರವಾಗಿ ವ್ಯವಹರಿಸಬೇಕೆಂಬ ಅವರ ಮತವು ಇಲ್ಲಿ ಗಟ್ಟಿಯಾಯಿತು. ಅದೇ ಮುಂದೆ ರಯತವಾರಿ ಪದ್ಧತಿಯೆಂದು ಪ್ರಸಿದ್ಧವಾಯಿತು. ತೆರಿಗೆಯು ಹಗುರವಾದರೆ ಭೂಮಿಗೆ ಬೆಲೆ ಬರುತ್ತದೆ. ಬೆಲೆ ಬಂದರೆ ಒಡೆಯನು ಅದನ್ನು ತಿದ್ದಿ ಬೆಳೆಸುತ್ತಾನೆ. ಭಾರವಾದರೆ ಹೆಸರಿಗೆ ಒಡೆತನವಿದ್ದರೂ ಅದು ಬರಿಯ ಚಾಕರಿ ಎಂಬುದು ಅವರ ವಾದದ ತಿರುಳು. ೧೮೧೨ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿಯಲ್ಲಿ ಕನ್ನಡ ಜಿಲ್ಲೆಯ ಈ ವಿಷಯವೂ ಚರ್ಚೆಗೆ ಬಂದಿದೆ.

ಏಳು ವರ್ಷ ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಕಾವಲುಗಾರರಿಲ್ಲದೆ ಗುಡಾರದಿಂದ ಗುಡಾರಕ್ಕೆ ಸಂಚರಿಸಿ ಕಂದಾಯವನ್ನು ನಿಶ್ಚಯಿಸಿದುದು, ಸ್ವದೇಶಕ್ಕೆ ಹೋಗಿ ಬಂದುದು, ೧೮೧೬ರ ಕಾಯಿದೆಗಳಿಂದ ಹಳ್ಳಿಯ ಮುಖಂಡರಿಗೂ ಪಂಚಾಯಿತಿಗೂ ಸಣ್ಣ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ಕೊಡಿಸಿದುದು, ೧೮೧೭-೧೮ರಲ್ಲಿ ಧಾರವಾಡ-ಬಾದಾಮಿಗಳ ಕಡೆಯಲ್ಲಿ ಮರಾಠರ ಕೋಟೆಗಳನ್ನು ಹಿಡಿದುದು, ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ದೊರೆಯುತ್ತವೆ. ೧೮೨೦ರ ಜೂನಿನಲ್ಲಿ ಅವರು ಮದರಾಸಿನ ಗವರ್ನರರಾದರು. ಹೊನ್ನಾವರ, ಭಟ್ಕಳಗಳೂ ಆಗ ಆ ಪ್ರಾಂತದ ಒಳಗೇ ಇದ್ದುವು.

ಗವರ್ನರರಾಗಿ ಅವರು ಬರೆದ ಟಿಪ್ಪಣಿಗಳಲ್ಲಿ ೧೮೨೪ನೆಯ ಡಿಸೆಂಬರ ೩೧ರದು ಎಲ್ಲಕ್ಕಿಂತ ಮೇಲಾದುದು. ಅದರಲ್ಲಿ ಅವರು ಕೇಳುವ ಪ್ರಶ್ನೆಯು ಅಂದಿನ ಯಾವ ಅಧಿಕಾರಿಯೂ ಕೇಳಲು ಅಂಜುವಂಥದು. ಈ ಆಳಿಕೆಯ ಕೊನೆಯ ಫಲವೇನು? ಪ್ರಜೆಗಳ ಶೀಲವು ಇದರಿಂದ ಏರುವುದೋ ಇಳಿಯುವುದೋ? ಶಾಂತಿಯಿದ್ದರೆ, ಕಳ್ಳಕಾಕರ ಭಯವಿಲ್ಲದಿದ್ದರೆ ಸಾಕೆಂಬುವರಿಗೆ ಅವರ ಉತ್ತರವು ತೀಕ್ಷ್ಣವಾಗಿದೆ. ನಂಬಿಕೆಯ ಹುದ್ದೆಗಳಿಂದೆಲ್ಲ ಒಂದು ಜನಾಂಗವನ್ನು ಹೊರಗಿಟ್ಟು, ಅವರು ತಗ್ಗಿನ ಕೆಲಸಗಳಿಗೆ ಮಾತ್ರ ಯೋಗ್ಯರೆಂದು ಎಣಿಸಿದರೆ ಅವರಲ್ಲಿ ಸದ್ಗುಣವು ಹೇಗೆ ಬೆಳೆಯಬೇಕು? ಬ್ರಿಟನ್ನನ್ನೇ ನಾಳೆ ಪರಕೀಯರು ಗೆದ್ದು, ಅಲ್ಲಿಯ ಜನರನ್ನು ಸರಕಾರದ ಪಾಲಿನಿಂದಲೂ ಮಾನಸ್ಥಾನಗಳಿಂದಲೂ ದೂರವಿಟ್ಟರೆ, ಅವರ ಪುಸ್ತಕ ವಿದ್ಯೆಗಳೆಲ್ಲ ಇದ್ದರೂ ಒಂದೆರಡು ತಲೆಮಾರುಗಳಲ್ಲಿ ಅವರೂ ಹೀನರಾಗುವರು, ವಂಚಕರಾಗುವರು ಎಂದು ಅವರು ವಾದಿಸುತ್ತಾರೆ. ಹಾಗೆಯೇ, ಇಲ್ಲಿಯ ಜನರು ತಮ್ಮ ಆಳಿಕೆಯನ್ನು ತಾವೇ ರಚಿಸಿ ನಡೆಸಿಕೊಳ್ಳಲು ಶಕ್ತರಾಗುವ ಕಾಲವು ಬಂದಾಗ ಇಂಗ್ಲಿಷರು ಕ್ರಮವಾಗಿ ಬಿಟ್ಟುಕೊಡುವುದೇ ಇಬ್ಬರಿಗೂ ಮೇಲೆಂಬ ಅಭಿಪ್ರಾಯವನ್ನೂ ಅದರಲ್ಲಿ ಸೂಚಿಸಿದ್ದಾರೆ. ೧೯೪೭ಕ್ಕೆ ಇನ್ನೂ ನೂರಿಪ್ಪತ್ತಮೂರು ವರ್ಷಗಳಿದ್ದಾಗ ಬರೆದ ಮಾತು ಇದು.

ಅಧಿಕಾರಿಗಳಿಗೆ ಅವರು ಹೇಳಿದ ಬುದ್ಧಿವಾದದಲ್ಲಿ ಇನ್ನೊಂದು ಅಂಶವಿದೆ. ಹೊಸ ಕಾಯಿದೆಗಳನ್ನು ಅವಸರದಿಂದ ಹೇರಬಾರದು. ನಾಡಿನ ನಡೆವಳಿಕೆಯನ್ನು ಅರಿಯದವನು ಅದನ್ನು ತಿದ್ದಲು ಹೋದರೆ ಕೆಡಿಸುವುದೇ ಹೆಚ್ಚು. ದುಭಾಷಿಯ ಬಾಯಿಂದ ಕೇಳುವ ಕಲೆಕ್ಟರನಿಗಿಂತ ರೈತನ ಬಾಯಿಂದಲೇ ಕೇಳುವವನು ಮೇಲು. ಕಚೇರಿಯಲ್ಲಿ ಕುಳಿತು ಜಿಲ್ಲೆಯನ್ನು ಆಳಲಾಗದು. ಗವರ್ನರರಾದ ಮೇಲೂ ಅವರು ಸಂಚಾರವನ್ನು ಬಿಡಲಿಲ್ಲ. ಕೊನೆಗೆ ಅವರ ಪ್ರಾಣ ಹೋದುದೂ ಸಂಚಾರದಲ್ಲಿಯೇ.

ವಿದ್ಯಾಭ್ಯಾಸದ ವಿಷಯದಲ್ಲಿ ಅವರು ಮಾಡಿದುದು ಪಾಠಶಾಲೆಗಳನ್ನು ನಡೆಸುವ ಮಠಗಳವರೆಲ್ಲ ತಿಳಿದಿರಬೇಕಾದ ಸಂಗತಿಯಾಗಿದೆ. ೧೮೨೨ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರರಿಗೂ ಕಾಗದ ಬರೆದು, ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾವ ಜಾತಿಯ ಎಷ್ಟು ಮಕ್ಕಳು ಓದುತ್ತಾರೆ, ಯಾವ ಪುಸ್ತಕಗಳನ್ನು ಓದುತ್ತಾರೆ ಎಂಬ ಲೆಕ್ಕವನ್ನು ತರಿಸಿದರು. ೧೮೨೬ನೆಯ ಮಾರ್ಚಿ ೧೦ರ ಟಿಪ್ಪಣಿಯಲ್ಲಿ ಒಟ್ಟುಲೆಕ್ಕವಿದೆ: ೧೨,೪೯೮ ಶಾಲೆಗಳು, ೧,೮೮,೬೫೦ ವಿದ್ಯಾರ್ಥಿಗಳು. ಬಳ್ಳಾರಿಯ ಕಲೆಕ್ಟರರಾದ ಕ್ಯಾಂಬೆಲ್ ಸಾಹೇಬರು ೧೮೨೩ರಲ್ಲಿ ಕಳುಹಿಸಿದ ಉತ್ತರವು ಬಹಳ ಸ್ವಾರಸ್ಯವಾದುದು. ಲಿಂಗವಂತರ ಮಕ್ಕಳು ಓದುವ ಗ್ರಂಥಗಳೆಂದು ಅದರಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳ ಹೆಸರುಗಳಿವೆ. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರುಗಳು ಗುರುತು ಸಿಗದಷ್ಟು ಕೆಟ್ಟಿವೆ. ಆದರೂ ಎರಡು ಶತಮಾನಗಳ ಹಿಂದೆ ಹಳ್ಳಿಯ ಜಗಲಿಯಲ್ಲಿ ಕುಳಿತ ಹುಡುಗನು ಹರಿಹರ-ರಾಘವಾಂಕರನ್ನು ಓದುತ್ತಿದ್ದನೆಂಬುದಕ್ಕೆ ಸರಕಾರದ ದಫ್ತರವೇ ಸಾಕ್ಷಿಯಾಗಿ ನಿಂತಿದೆ.

ಕನ್ನಡ ಜಿಲ್ಲೆಯ ಉತ್ತರವಾದರೋ ನಿರಾಶೆಯನ್ನುಂಟುಮಾಡುತ್ತದೆ. ಇಲ್ಲಿ ಕಾಲೇಜುಗಳಿಲ್ಲ, ವಿದ್ಯೆಯೆಲ್ಲ ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಕೇಳಿದ ನಮೂನೆಯನ್ನು ತುಂಬುವುದಕ್ಕೆ ಬಹಳ ಕಾಲ ಹಿಡಿಯುವುದು, ಅದರಿಂದ ಫಲವೂ ಇಲ್ಲವೆಂದು ಅಂದಿನ ಕಲೆಕ್ಟರರು ಬರೆದುಬಿಟ್ಟರು. ಆದುದರಿಂದ ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಆಗ ಎಷ್ಟು ಮಕ್ಕಳು ಓದುತ್ತಿದ್ದರೆಂಬ ಲೆಕ್ಕವೇ ಆ ಪಟ್ಟಿಯಲ್ಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ಕುರ್ಚಿಯಲ್ಲಿ ಕುಳಿತು ಊರೂರಿನ ಕಡತಗಳನ್ನು ತರಿಸಿ ಓದಿದ ಗವರ್ನರರಿಗೆ ಈ ಉತ್ತರವು ಹೇಗೆ ಕಂಡಿತೋ! ಪ್ರತಿಯೊಂದು ಕಲೆಕ್ಟರಿಗೆ ಎರಡು ದೊಡ್ಡ ಶಾಲೆಗಳು, ಪ್ರತಿಯೊಂದು ತಹಸೀಲಿಗೆ ಒಂದು ಶಾಲೆ, ದೊಡ್ಡ ಶಾಲೆಯ ಗುರುವಿಗೆ ತಿಂಗಳಿಗೆ ೧೫ ರೂಪಾಯಿ, ತಹಸೀಲಿನ ಶಾಲೆಯವನಿಗೆ ೯ ರೂಪಾಯಿ ಎಂದು ಅವರು ಯೋಜನೆಯನ್ನು ಹಾಕಿದರು. ಅವರು ತೀರಿಕೊಂಡ ಮೇಲೆ ಅದು ಹತ್ತು ವರ್ಷವೂ ಬಾಳಲಿಲ್ಲ.

ಇಷ್ಟು ದೂರ ಕಂಡವರು ಪತ್ರಿಕೆಗಳ ಸ್ವಾತಂತ್ರ್ಯಕ್ಕೆ ಮಾತ್ರ ಬಾಗಿಲು ಮುಚ್ಚಿದರು. ಪರಕೀಯರ ಆಳಿಕೆಯೂ ಸ್ವತಂತ್ರವಾದ ಮುದ್ರಣಾಲಯವೂ ಒಂದೆಡೆಯಲ್ಲಿ ಬಹುಕಾಲ ನಿಲ್ಲಲಾರವು. ಮೊದಲು ಕೆಡುವುದು ಸಿಪಾಯಿಗಳ ವಿಧೇಯತೆ ಎಂಬುದು ೧೮೨೨ರ ಅವರ ಟಿಪ್ಪಣಿಯ ಸಾರ. ಇದು ಕಪಟವಲ್ಲ, ತನ್ನ ಅಧಿಕಾರವು ಖಡ್ಗದ ಮೇಲೆ ನಿಂತಿದೆ ಎಂಬುದನ್ನು ಬಲ್ಲವನ ಪ್ರಾಮಾಣಿಕವಾದ ಮಾತು. ಆದರೆ ಪ್ರಜೆಗಳ ಶೀಲವನ್ನು ಏರಿಸಬೇಕೆಂದು ಬರೆಯುವವನೇ ಪ್ರಜೆಗಳ ಬಾಯಿಗೆ ಬೀಗ ಹಾಕಿದರೆ ಏರಿಕೆಯು ಯಾವ ದಾರಿಯಿಂದ ಬರಬೇಕು? ದೊಡ್ಡ ಹುದ್ದೆಗಳನ್ನು ದೇಶೀಯರಿಗೆ ಕೊಡಬೇಕೆಂದು ಅವರು ಅಷ್ಟು ವಾದಿಸಿದರೂ, ಅವರ ಏಳು ವರ್ಷಗಳ ಆಳಿಕೆಯಲ್ಲಿ ಕಲೆಕ್ಟರನ ಕುರ್ಚಿಯ ಮೇಲೆ ದೇಶೀಯನೊಬ್ಬನೂ ಕುಳಿತುಕೊಳ್ಳಲಿಲ್ಲ.

೧೮೨೭ನೆಯ ಜುಲೈ ೬ರಂದು, ಸ್ವದೇಶಕ್ಕೆ ಮರಳುವ ಮುನ್ನ ತಮ್ಮ ಹಳೆಯ ಜಿಲ್ಲೆಗಳನ್ನು ಕೊನೆಯ ಬಾರಿ ನೋಡಲು ಹೋದಾಗ, ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಅವರು ತೀರಿಕೊಂಡರು. ಮೂರು ವರ್ಷಗಳು ಕಳೆದ ಮೇಲೆ, ೧೮೩೦-೩೧ರಲ್ಲಿ, ಘಟ್ಟದ ಮೇಲೆ ನಗರದ ರೈತರು ಎದ್ದ ಕಾಲದಲ್ಲಿಯೇ ಕನ್ನಡ ಜಿಲ್ಲೆಯ ರೈತರೂ ಕೂಟಗಳನ್ನು ಕಟ್ಟಿ, ತೆರಿಗೆ ತಾಳಲಾರೆವೆಂದು ಅರ್ಜಿಗಳನ್ನು ಬರೆದು, ಕಂದಾಯವನ್ನು ತಡೆಹಿಡಿದರು. ತೆರಿಗೆ ಹಗುರವಾಗಿರಬೇಕೆಂಬ ಅವರ ತತ್ತ್ವವು ಅವರದೇ ಮೊದಲ ಜಿಲ್ಲೆಯಲ್ಲಿ ಪೂರ್ತಿಯಾಗಿ ನಡೆದಿರಲಿಲ್ಲ.

ಇನ್ನು, ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಹೇಳಿದ ಮೂವರ ಲೆಕ್ಕಕ್ಕೆ ಬರಬೇಕು. ಹರಿಹರನ ಹೆಸರಿನ ಕಡತದಲ್ಲಿ ಉಳುವವನಿಗೆ ಮೂವತ್ತರಲ್ಲಿ ಹದಿನೈದೆಂದು ಬರೆದಿದ್ದಿತಷ್ಟೆ. ಮನ್ರೋ ಸಾಹೇಬರು ಅದನ್ನು ಓದಿದರು, ವರದಿಯಲ್ಲಿ ಬರೆದರು. ಆದರೆ ಅವರ ರಾಜನೀತಿಯಲ್ಲಿ ಉಳಿದುದು ಇಬ್ಬರ ಲೆಕ್ಕ: ಸರಕಾರ, ವರ್ಗದಾರ. ಒಡೆಯನ ಹಕ್ಕನ್ನು ಸರಕಾರದ ಕೈಯಿಂದ ಕಾಪಾಡಲು ಅವರು ಹೆಣಗಿದರು. ಉಳುವವನ ಪಾಲನ್ನು ಒಡೆಯನ ಕೈಯಿಂದ ಕಾಪಾಡುವವರಾರೆಂಬ ಪ್ರಶ್ನೆಯನ್ನು ಎತ್ತಲಿಲ್ಲ. ಒಡೆಯನು ತಾನೇ ಉಳುವ ಸಣ್ಣ ರೈತನಾಗಿರುವವರೆಗೆ ಇದರಿಂದ ಹಾನಿಯಿಲ್ಲ. ಆದರೆ ಕರಾವಳಿಯಲ್ಲಿ ಹಾಗಿರಲಿಲ್ಲ, ಹಾಗೆ ಉಳಿಯಲೂ ಇಲ್ಲ. ಮೂಲಗೇಣಿಯವನಿಗೆ ಗೇಣಿಯು ಶಾಶ್ವತ, ಒಡೆಯನು ಅದನ್ನು ಏರಿಸುವಂತಿಲ್ಲ; ಚಾಲಗೇಣಿಯವನಾದರೋ ಒಡೆಯನು ಇಟ್ಟರೆ ಇದ್ದವನು, ಎಬ್ಬಿಸಿದರೆ ಎದ್ದವನು. ಕಾಲಕ್ರಮದಲ್ಲಿ ಭೂಮಿಯು ಸಾಲಕೊಟ್ಟವರ ಕೈಗೂ ನೇಗಿಲನ್ನು ಮುಟ್ಟದವರ ಕೈಗೂ ಸೇರಿತು. ಗದ್ದೆಯಲ್ಲಿ ಇಳಿದು ಉತ್ತವರು ಬಹುಮಟ್ಟಿಗೆ ಚಾಲಗೇಣಿಯವರಾದರು. ಫಸಲಿನ ಅರ್ಧವೂ, ಕೆಲವೆಡೆ ಅದಕ್ಕಿಂತ ಹೆಚ್ಚೂ ಗೇಣಿಯಾಗಿ ಒಡೆಯನ ಕಣಜಕ್ಕೆ ಹೋಗುತ್ತಿತ್ತು. ಹಗುರವಾದ ತೆರಿಗೆಯ ಲಾಭವು ಒಡೆಯನಲ್ಲಿಯೇ ನಿಂತಿತು. ಮಠಗಳೂ ದೇವಸ್ಥಾನಗಳೂ ಈ ಒಡೆಯರ ಪಂಕ್ತಿಯಲ್ಲಿಯೇ ಇದ್ದುವೆಂಬುದನ್ನು ಮಠದ ಸಭೆಯಲ್ಲಿ ಹೇಳದೆ ಬಿಡಬಾರದು.

ಈ ಗೇಣಿದಾರರ ಪರವಾಗಿ ಉತ್ತರ ಕನ್ನಡದಲ್ಲಿ ದನಿಯೆತ್ತಿದವರಲ್ಲಿ ಅಂಕೋಲೆಯ ದಿನಕರ ದೇಸಾಯಿಯವರು ಮುಖ್ಯರು. ಅದಕ್ಕಾಗಿ ೧೯೪೦ರಲ್ಲಿ ಸರಕಾರವು ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಸ್ವಾತಂತ್ರ್ಯವು ಬಂದು, ರಾಜ್ಯವು ಒಂದಾಗಿ, ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯು ವಿಚಾರ ಮಾಡಿ, ೧೯೬೧ರಲ್ಲಿ ಭೂಸುಧಾರಣೆಯ ಕಾಯಿದೆಯಾಯಿತು. ಜಮಖಂಡಿಯ ಸೀಮೆಯಲ್ಲಿ ಹುಟ್ಟಿ, ಮುಖ್ಯಮಂತ್ರಿಯಾಗಿ, ಮುಂದೆ ಒರಿಸ್ಸಾದ ಗವರ್ನರರೂ ರಾಷ್ಟ್ರದ ಉಪಾಧ್ಯಕ್ಷರೂ ಆದ, ಬಸವ ಸಮಿತಿಯನ್ನು ಸ್ಥಾಪಿಸಿದ ಜತ್ತಿಯವರ ಹೆಸರು ಈ ಸಭೆಗೆ ಹೊಸದಲ್ಲ. ಆದರೆ ಆ ಕಾಯಿದೆಯು ಸ್ವಂತ ಬೇಸಾಯಕ್ಕೆಂದು ಒಡೆಯನು ಭೂಮಿಯನ್ನು ಬಿಡಿಸಿಕೊಳ್ಳಲು ಎಡೆಗೊಟ್ಟಿತ್ತು. ಆಚರಣೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ದೇವರಾಜ ಅರಸರ ಸರಕಾರವು ಮಾಡಿದ ತಿದ್ದುಪಡಿಯಿಂದ ೧೯೭೪ನೆಯ ಮಾರ್ಚಿ ೧ರಂದು ಗೇಣಿಯ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿ, ಉಳುವವನು ಅದರ ಒಡೆತನವನ್ನು ಬೇಡಿ ಪಡೆಯುವಂತಾಯಿತು.

ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿಯೂ ಭೂನ್ಯಾಯಮಂಡಳಿಗಳು ಕುಳಿತುವು. ಗೇಣಿದಾರರು ಏಳನೆಯ ನಮೂನೆಯ ಅರ್ಜಿಗಳನ್ನು ತುಂಬಿಸಿಕೊಂಡು ಬಂದರು. ವಕೀಲರಿಗೆ ಅಲ್ಲಿ ಆಗ ಪ್ರವೇಶವಿರಲಿಲ್ಲ. ಕೆಲವರ ಹೆಸರು ಪಹಣಿಯಲ್ಲಿದ್ದಿತು. ಹಲವರದು ಇರಲಿಲ್ಲ, ಚಾಲಗೇಣಿಗೆ ಪತ್ರ ಬರೆದುಕೊಡುವ ವಾಡಿಕೆಯೇ ಕಡಿಮೆ. ಅಂಥವರು ಪಕ್ಕದ ಗದ್ದೆಯವನನ್ನು ಕರೆತಂದು, ಈ ಬೈಲನ್ನು ಉತ್ತವನು ಇವನೇ, ಇವನ ಮುಂಚೆ ಇವನ ಅಪ್ಪ ಎಂದು ಬಾಯಿಸಾಕ್ಷಿಯನ್ನು ಹೇಳಿಸಿದರು. ಮಂಡಳಿಯವರು ಅದನ್ನು ಬರೆದುಕೊಂಡರು.